ಡಾಕ್ಟರಿಗೆ ಹೇಳದೆ ಉಳಿದದ್ದು

ಮಾರಿಕಣಿವೆ
೨-೨-೧೯೭೯

ಪ್ರೀತಿಯ ಹುಚ್ಚಕ್ಕನಿಗೆ ನಿನ್ನ ಏಕನಾಥಕ್ಕನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಇನ್ನೆರಡೇ ಡ್ರಿಪ್ಪು ಬಾಕಿ, ಹನ್ನೆರಡನೇ ತಾರೀಕು ಸೋಮವಾರ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು ಎಂದು ಬರೆದಿದ್ದೀಯ. ಹೊರಡುವ ಮೊದಲು ಇದನ್ನು ಪೂರ್ತಿ ಓದು.

ನನ್ನ ಡ್ರಿಪ್ಪುಗಳೆಲ್ಲ ಮುಗಿದು ಎದೆಯ ಗಡ್ಡೆ ಹೋಗಿದೆ, ಅದು ನಿಜ. ಆದರೆ ಸಂಕ್ರಾಂತಿ ಕಳೆದ ಮೇಲೆ ಪಾದ ಊದಿಕೊಂಡು ಚಪ್ಪಲಿ ಹಿಡಿಯದಾಯಿತು. ಶಾಲೆಯಲ್ಲಿ ಬೋರ್ಡಿನ ಮೇಲೆ ಎರಡು ಸಾಲು ಬರೆದರೆ ಮೇಜು ಹಿಡಿದು ನಿಲ್ಲಬೇಕು. ಕಳೆದ ವಾರ ಚಿತ್ರದುರ್ಗದ ಡಾಕ್ಟರು ಇ.ಸಿ.ಜಿ. ತೆಗೆಸಿ, ಬೆಂಗಳೂರಿನ ಚೀಟಿಗಳನ್ನೆಲ್ಲ ಓದಿ, ಗಡ್ಡೆಗೆಂದು ನಮ್ಮಿಬ್ಬರಿಗೂ ಡ್ರಿಪ್ಪಿನಲ್ಲಿ ಕೊಡುವ ಆ ಕೆಂಪು ಔಷಧಿಯಿಂದಲೇ ನನ್ನ ಹೃದಯ ಸೋತಿದೆ ಎಂದರು. "ಔಷಧಿ ನಡೆಯುವಾಗ್ಲೇ ಏದುಸಿರು ಬಂದಿರ್ಬೇಕಲ್ಲಮ್ಮ, ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

ಬಂದಿತ್ತು ಕಣೆ. ಮುಚ್ಚಿಟ್ಟೆ. ನಿನ್ನ ಬಾಯಿಯನ್ನೂ ಮುಚ್ಚಿಸಿದೆ. ನವೆಂಬರಿನಲ್ಲಿ ವಾರ್ಡಿನ ಮೆಟ್ಟಿಲ ಮೇಲೆ ಕೂತು ನೀನು, "ಅಕ್ಕಾ, ನಾಕು ಮೆಟ್ಲು ಹತ್ತಿದ್ರೆ ಉಸ್ರು ಸಾಲ್ದಂಗೆ ಆಗ್ತೈತೆ, ಡಾಕ್ಟ್ರಿಗೆ ಹೇಳ್ಲಾ?" ಎಂದಾಗ, "ಸುಮ್ಕಿರು, ಹೇಳಿದ್ರೆ ಔಷಧಿ ನಿಲ್ಲಿಸ್ತಾರೆ" ಎಂದು ಗದರಿದವಳು ನಾನೇ.

ಗಡ್ಡೆ ಮರಳಿ ಬಂದೀತೆಂಬ ಭಯಕ್ಕೆ ಹಾಗೆಂದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನಮ್ಮ ಯಜಮಾನರು ಹೊಸದುರ್ಗಕ್ಕೆ ವರ್ಗ ಮಾಡಿಸಿಕೊಂಡು ಹೋಗಿ ವರ್ಷವಾಗುತ್ತ ಬಂತು. ಶನಿವಾರ ಬರುತ್ತಾರೆ ಎಂದು ನಿನಗೆ ಹೇಳುತ್ತಿದ್ದೆ. ಒಂದು ಸಲವೂ ಬಂದಿಲ್ಲ. ಮೂರು ವಾರಕ್ಕೊಮ್ಮೆ ಹಿರಿಯೂರಿನಲ್ಲಿ ನೀನು ಬರುವ ಬಸ್ಸು ಹತ್ತಿ, ನೀನು ಕಟ್ಟಿ ತಂದ ರೊಟ್ಟಿ ತಿಂದು, ನಮಗೆ ಪರಿಚಯವಾದ ಆ ವಾರ್ಡಿನಲ್ಲೇ ಪಕ್ಕದ ಹಾಸಿಗೆಯಿಂದ ನಿನ್ನ ಮಾತು ಕೇಳುತ್ತ ಮಲಗುವುದು, ನನಗಿದ್ದ ಸಂಸಾರ ಅಷ್ಟೇ. ನಿನ್ನ ಔಷಧಿ ನಿಂತರೆ ನಾನೊಬ್ಬಳೇ ಹೋಗಬೇಕಲ್ಲ ಎಂದು ಹೆದರಿದೆ.

ಸೋಮವಾರ ಡ್ರಿಪ್ಪು ಹಾಕುವ ಮುಂಚೆ ಎಲ್ಲ ಹೇಳು. ಉಸಿರು, ಊತ, ಎದೆ ಡವಡವ, ಒಂದನ್ನೂ ಬಿಡಬೇಡ. ಔಷಧಿ ನಿಲ್ಲಿಸುವುದೋ ಬದಲಿಸುವುದೋ ಅವರು ನೋಡಿಕೊಳ್ಳುತ್ತಾರೆ. ಬಾಯಿ ಬಾರದಿದ್ದರೆ ಈ ಕಾಗದವನ್ನೇ ಅವರ ಕೈಗೆ ಕೊಡು. ನನ್ನ ಮೇಲೆ ಕೋಪ ಬಂದರೆ ಬರಲಿ.

ನಾನು ಮಾತ್ರೆ ನುಂಗುತ್ತ ಚೆನ್ನಾಗಿದ್ದೇನೆ.

ನಿನ್ನ ಅಕ್ಕ,
ಏಕನಾಥಮ್ಮ

ಬರೆಯಲು ಮರೆತೆ: ಉತ್ತರವನ್ನು ಈ ವಿಳಾಸಕ್ಕೆ ಹಾಕಬೇಡ. ನಾಳೆಯಿಂದ ಚಿತ್ರದುರ್ಗದ ಆಸ್ಪತ್ರೆಯಲ್ಲಿರುತ್ತೇನೆ, ಹೆಂಗಸರ ವಾರ್ಡು. ಎಷ್ಟು ದಿನವೆಂದು ಡಾಕ್ಟರು ಹೇಳಲಿಲ್ಲ. ಸೇರಿಸಿಕೊಳ್ಳುವ ಫಾರಂ ತುಂಬುವಾಗ ಹತ್ತಿರದವರು ಯಾರು ಎಂದು ಕೇಳಿದರು. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಬರೆಸಿದ್ದೇನೆ.