ಅಣ್ಣನ ಡಬ್ಬಿ

5 ಫೆಬ್ರುವರಿ 1973, ಬೆಳಿಗ್ಗೆ 6

ಎರಡು ಗುಳಿಗೆ. ಎರಡು ಚಮಚದ ನಡುವೆ ಇಟ್ಟು ಒತ್ತಿದರೆ ಪುಡಿ. ಬಾಗಿಲಿಗೆ ಬೆನ್ನು ಹಾಕಿ ಮಾಡುವುದು ರೂಢಿಯಾಗಿದೆ. ಮೆಂತ್ಯ ಪಲ್ಯದಲ್ಲಿ ಕಹಿ ಗೊತ್ತಾಗುವುದಿಲ್ಲ. ಮಧ್ಯಾಹ್ನ ಅಣ್ಣ ಒಬ್ಬನೇ ಉಣ್ಣುತ್ತಾನೆ. ಡಬ್ಬಿ ಕಟ್ಟಿಟ್ಟೆ. ವಾರಕ್ಕೆ ನಾಲ್ಕು ದಿನ ಮೆಂತ್ಯ, ಇಲ್ಲದಿದ್ದರೆ ಹಾಗಲ... ನನಗೆ ಈಗ ಯಾವುದರ ರುಚಿಯೂ ತಿಳಿಯುವುದಿಲ್ಲ. ಲೋಕಲ್ ರೈಲು ತಪ್ಪಿದರೆ ಬಾಂದ್ರಾ ಆಫೀಸಿಗೆ ಮತ್ತೆ ಲೇಟ್.

11 ಫೆಬ್ರುವರಿ, ಭಾನುವಾರ

ಅಣ್ಣ ಡ್ರಾಯಿಂಗ್ ಬೋರ್ಡ್ ಒರೆಸಿಟ್ಟ. ಕುರ್ಲಾದಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದೆ, ಒಂದನೇ ತಾರೀಖಿನಿಂದ.

"ನೋಡು ವಿನೂ, ಗುಳಿಗಿ ಬಿಟ್ಟ ಮ್ಯಾಲ ಆರಾಮ ಆದೆ. ಮನಸ್ಸು ಗಟ್ಟಿ ಮಾಡಿಕೊಂಡೆ, ಅಷ್ಟ."

ಹೂಂ ಅಂದೆ. ಹೋದ ವರ್ಷ ಗುಳಿಗೆ ಎಲ್ಲ ಕಿಟಕಿಯಿಂದ ಎಸೆದಿದ್ದ. ಯಾರೋ ಕರೆಯುತ್ತಿದ್ದಾರೆಂದು ಮುಲುಂಡಿನಿಂದ ಭಾಂಡೂಪದವರೆಗೆ ಹಳಿಯ ಮೇಲೇ ನಡೆದಿದ್ದ. ಆಮೇಲೇ ಡಾಕ್ಟರು ಅಂದದ್ದು — ಊಟದಲ್ಲಿ ಬೆರೆಸಿ, ಹೇಳಬೇಡಿ.

ಸಂತೋಷ ಆಗಬೇಕಿತ್ತು. ಬಟ್ಟೆ ಒಗೆದೆ.

17 ಫೆಬ್ರುವರಿ, ಶನಿವಾರ

ಹಾಫ್ ಡೇ. ಮೂರಕ್ಕೆ ಮನೆಗೆ, ಚಾಳಿಗೆ, ಮುಟ್ಟಿದೆ. ಮೆಟ್ಟಿಲ ಮೇಲೆ ಪಕ್ಕದ ಮನೆ ನೂರಜಹಾನ ಚಾಚಿ. "ಸೊಸಿ ಏಳವಲ್ಲಳವ್ವಾ. ಕೂಸು ಒಂದ ಸವನ ಅಳಾಕತ್ತೈತಿ."

ಸೊಸೆ ನಜ್ಮಾ ಹೆತ್ತು ತಿಂಗಳೂ ಆಗಿಲ್ಲ. ಅಲುಗಿಸಿದೆ. ಕಣ್ಣು ಬಿಡಲಿಲ್ಲ.

ಅಣ್ಣ ಬಾಗಿಲಲ್ಲಿ ನಿಂತಿದ್ದ. "ಆಗಲೇ ಚೊಲೋ ಇದ್ಲಲ್ಲ. ಬಾಣಂತಿಗೆ ಮೆಂತ್ಯ ಚೊಲೋ ಅಂತ ನನ್ನ ಪಲ್ಯಾ ಎಲ್ಲಾ ಆಕಿಗೇ ಕೊಟ್ಟೆ."

ಅವನೇ ಎತ್ತಿಕೊಂಡು ಇಳಿದ. ಟ್ಯಾಕ್ಸಿ. ದವಾಖಾನೆಯಲ್ಲಿ ಡಾಕ್ಟರು ಕೇಳಿದರು, ಏನಾದರೂ ಔಷಧ ಕೊಟ್ಟಿದ್ದೀರಾ? ಇಲ್ಲ ಅಂದರು ಚಾಚಿ. ಅಣ್ಣ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಇದ್ದ.

ಗುಳಿಗೆಯ ಹೆಸರು ಹೇಳಿದೆ. ಎಷ್ಟು ಅಂತಲೂ. ಯಾರ ಊಟದಲ್ಲಿ ಅಂತಲೂ. ಆಫೀಸಿನಲ್ಲಿ ಡಿಕ್ಟೇಶನ್ ಓದಿ ಹೇಳುವ ದನಿಯಲ್ಲೇ.

ಏಳಕ್ಕೆ ನಜ್ಮಾ ಕಣ್ಣು ಬಿಟ್ಟಳು. ಎರಡು ದಿನ ಎದೆಹಾಲು ಕೊಡಬೇಡಿ ಅಂದರು.

18 ಫೆಬ್ರುವರಿ

"ಎಷ್ಟ ದಿನದಿಂದ?" ಅಣ್ಣ ಕೇಳಿದ.

"ಹದಿಮೂರು ತಿಂಗಳು."

ಬೈಯುತ್ತಾನೆ ಅಂದುಕೊಂಡೆ. "ಹಂಗಾದ್ರ ಗಟ್ಟಿ ಆಗಿದ್ದು ನನ್ನ ಮನಸ್ಸಲ್ಲ." ಅಷ್ಟೇ. ಬೋರ್ಡನ್ನು ಗೋಡೆಯ ಕಡೆ ತಿರುಗಿಸಿಟ್ಟ.

ನನಗೆ ಅಳು ಬರಲಿಲ್ಲ. ಬರುತ್ತದೇನೋ ಅಂತ ಕಾದೆ.

6 ಮಾರ್ಚ್

ಅಣ್ಣ ಕುರ್ಲಾಕ್ಕೆ ಹೋಗಲೇ ಇಲ್ಲ. ಬೇರೆಯವರನ್ನು ತೆಗೆದುಕೊಂಡರಂತೆ, ಕಾಗದ ಬಂತು.

ನನ್ನ ಕೈಯದು ಏನೂ ಮುಟ್ಟುವುದಿಲ್ಲ, ಗುಳಿಗೆಯೂ. ಅಂಗಡಿಯ ಪಾವ್, ಬಾಳೆಹಣ್ಣು. ಸಿಪ್ಪೆ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಮೂಲೆಗೆ ಮುಖ ಮಾಡಿ ಯಾರಿಗೋ ಉತ್ತರ ಕೊಡಲು ಶುರು ಮಾಡಿದ್ದಾನೆ. ಚಾಚಿ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಹಾಕಿದ್ದ ರಜೆ ಮುಗಿದಿದೆ. ನಾಳೆ ಆಫೀಸು. ಒಬ್ಬನನ್ನೇ ಬಿಟ್ಟು...

12 ಮಾರ್ಚ್

ಚಪ್ಪಲಿ ಹಾಕುತ್ತಿದ್ದೆ. ಎದುರು ಬಂದು ಕೈ ಚಾಚಿದ.

"ಗುಳಿಗಿ ಕೊಡು. ಕಾಣೋ ಹಂಗ ಕೊಡು."

ಅಂಗೈಯಲ್ಲಿ ಇಟ್ಟೆ. ನುಂಗಿದ. ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ. ನಾನು ಕೇಳಿರಲಿಲ್ಲ.

ಲೋಕಲ್‌ನಲ್ಲಿ ನಿದ್ದೆ. ಗಾಡಿ ಬದಲಿಸಬೇಕಾದ ದಾದರಿನಲ್ಲಿ ಇಳಿಯಲೇ ಇಲ್ಲ.

25 ಮಾರ್ಚ್, ಸಂಜೆ 7

ಅಣ್ಣ ಅಡಿಗೆ ಮಾಡಿದ್ದ. ಅನ್ನ, ಬೇಳೆ. ಗುಳಿಗೆ ಕೆಲವು ದಿನ ತೆಗೆದುಕೊಳ್ಳುತ್ತಾನೆ, ಕೆಲವು ದಿನ ಇಲ್ಲ. ಇವತ್ತು ತೆಗೆದುಕೊಂಡಿದ್ದ.

ನನಗೆ ತಟ್ಟೆ ಹಾಕಿ ಬಡಿಸಿದ. ವರ್ಷಗಳಾಗಿದ್ದವು, ಯಾರಾದರೂ ನನಗೆ ಬಡಿಸಿ.

ಬೇಳೆಯನ್ನು ಬೆರಳಿನಿಂದ ಸರಿಸಿ ನೋಡಿದೆ. ಬೇಕೆಂದಲ್ಲ. ಬೆರಳು ತಾನಾಗೇ ಹೋಯಿತು.

ಅವನು ನೋಡಿದ.

"ಏನೂ ಹಾಕಿಲ್ಲ, ವಿನೂ," ಅಂದ. "ಉಣ್ಣು."

ಉಂಡೆ. ನಿಜವಾಗಿಯೂ ಏನೂ ಹಾಕಿರಲಿಲ್ಲ. ಉಪ್ಪು ಸಹ. ಹೇಳಬೇಕೆಂದು ತಲೆ ಎತ್ತಿದೆ, ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ನುಂಗಿದೆನೋ ಇಲ್ಲವೋ ಅಂತ.