ಬೈಗುಳ ಬಡಿಸುವ ಹೋಟೆಲು

ತ್ರಾಸಿ
೧೪ ನವೆಂಬರ್ ೨೦೨೪

ಮುದ್ದು ಚಂದನಾ,

ನೀನೂ ಹೊಟ್ಟೆಯಲ್ಲಿರುವ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಫೋನಿರುವಾಗ ಅಮ್ಮ ಯಾಕೆ ಕಾಗದ ಬರೆದಳೆಂದು ಗಾಬರಿಯಾಗಬೇಡ. ಫೋನಿನಲ್ಲಿ ಮಾತಾಡುವಾಗೆಲ್ಲ ನಿನ್ನ ತಮ್ಮ ಸುಜನ್ ಪಕ್ಕದಲ್ಲೇ ಇರುತ್ತಾನೆ. ಮೊಣಕಾಲು ನೋವು, ಬಾಣಂತನಕ್ಕೆ ಮುಂಬಯಿಗೆ ಬರಲಾರೆ ಎಂದೆನಲ್ಲ, ಅದು ಸುಳ್ಳು. ನನ್ನ ಕಾಲಿಗೇನೂ ಆಗಿಲ್ಲ.

ಇಲ್ಲಿ ಹೆದ್ದಾರಿ ಬದಿಗೆ ಈಗ ಏಳು ಮೀನೂಟದ ಹೋಟೆಲುಗಳು. ಎಲ್ಲರದ್ದೂ ಅದೇ ಕೋಡಿ ಬಂದರಿನ ಮೀನು, ಅದೇ ಕುಚ್ಚಲಕ್ಕಿ ಅನ್ನ. ಹೋದ ವರ್ಷದವರೆಗೆ ನಾವು ಮಧ್ಯಾಹ್ನವೂ ನೊಣ ಹೊಡೆಯುತ್ತ ಕೂರುತ್ತಿದ್ದೆವು. ಒಂದು ದಿನ ಪ್ರವಾಸಿಯೊಬ್ಬ ಬಂಗುಡೆಯನ್ನು ಅರ್ಧ ಕೆದಕಿ ಎದ್ದುಬಿಟ್ಟ. ನಿನ್ನ ಅಪ್ಪ ಮೀನು ಹಿಡಿಯುತ್ತ ದೋಣಿಯಲ್ಲೇ ಸವೆದದ್ದು ನೆನಪಾಗಿ ನನಗೆ ತಡೆಯಲಾಗಲಿಲ್ಲ.

“ಹ್ವಾಯ್, ಕೂಕಣಿ. ಮುಳ್ಳ್ ಬಿಡ್ಸಿ ತಿಂಬುಕೆ ಬತ್ತಿಲ್ಲೆ ಅಂದ್ರೆ ಮೀನ್ ಎಂತಕ್ ಕೇಂಡ್ರಿ?”

ಆತ ನಗುತ್ತ ಕೂತು ತಿಂದ. ಅವನ ಗೆಳೆಯ ಅದನ್ನು ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹಂಚಿದ. ಮುಂದಿನ ಭಾನುವಾರ ಬಾಗಿಲ ಹೊರಗೆ ಜನ ಕಾಯುತ್ತಿದ್ದರು. ಸುಜನ್ ಹಳೇ ಬೋರ್ಡು ಇಳಿಸಿ, ನಾನು ಬೆರಳೆತ್ತಿ ನಿಂತ ಚಿತ್ರದ ಜೊತೆ “ಬೈಗುಳದ ಜಲಜಕ್ಕ” ಎಂದು ಬರೆಸಿದ. ಮೊದಮೊದಲು ನನಗೂ ಖುಷಿಯೇ ಆಯಿತು, ಮುಚ್ಚಿಡುವುದಿಲ್ಲ. ಆದರೆ ಪಕ್ಕದ ಹೋಟೆಲಿನವರೂ ಬೈಯಲು ಒಬ್ಬ ಹೆಂಗಸನ್ನು ಇಟ್ಟುಕೊಂಡರು. ಆ ಮೇಲೆ ನಾನು ಇನ್ನೂ ಜೋರಾಗಿ, ಯಾರನ್ನೂ ಬಿಡದೆ ಬೈಯಬೇಕಾಯಿತು.

ಕಳೆದ ಭಾನುವಾರ ಬಿಜೂರು ಕಡೆಯ ಅಜ್ಜ, ಅಜ್ಜಿ ಊಟಕ್ಕೆ ಬಂದರು. ಅಜ್ಜನ ತಟ್ಟೆಯ ಸುತ್ತ ಅನ್ನ ಚೆಲ್ಲಿತ್ತು. ಪಕ್ಕದ ಮೇಜಿನ ಹುಡುಗರು ಮೊಬೈಲು ಎತ್ತಿಕೊಂಡು ಕಾಯುತ್ತಿದ್ದರು. ಗಲ್ಲಾದಿಂದ ಸುಜನ್ ಕಣ್ಸನ್ನೆ ಮಾಡಿದ. ಬೈದೆ. ಏನೆಂದೆ ಎಂದು ನಿನಗೆ ಬರೆಯಲಾರೆ. ಹುಡುಗರು ಬಿದ್ದು ಬಿದ್ದು ನಕ್ಕರು. ಅಜ್ಜ ತಲೆ ಎತ್ತಲಿಲ್ಲ.

“ತಪ್ಪಾಯ್ತ್ ಅಮ್ಮ. ಕೈ ನಿಲ್ತಿಲ್ಲೆ” ಎಂದರು.

ಅಜ್ಜಿ ಸೆರಗಿನಿಂದ ಅವರ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಅರ್ಧ ಊಟದಲ್ಲೇ ಎಬ್ಬಿಸಿಕೊಂಡು ಹೋದರು. ನಾನು ಸಾರಿನ ಸೌಟು ಹಿಡಿದು ನಿಂತೇ ಇದ್ದೆ.

ಆ ರಾತ್ರಿ ಸುಜನ್ ಹತ್ತಿರ, ಇನ್ನು ನನ್ನಿಂದಾಗದು, ಚಂದನಾಳ ಮನೆಗೆ ಹೋಗುತ್ತೇನೆ, ಅಡುಗೆಯನ್ನು ನಿನ್ನ ಹೆಂಡತಿ ರಮಿತಾ ನನಗಿಂತ ಚೆನ್ನಾಗಿ ಮಾಡುತ್ತಾಳೆ ಎಂದೆ. ಸುಜನ್ ಸಿಟ್ಟಾಗಲಿಲ್ಲ. “ನೀ ಬೈಯ್ದೇ ಇದ್ರೆ ನಮ್ದೂ ಅವ್ರದ್ದೂ ಒಂದೇ ಊಟ ಅಮ್ಮ” ಎಂದ, ಅಷ್ಟೆ. ಅವನು ಕೆಟ್ಟವನಲ್ಲ. ಬೆಳಕು ಹರಿಯುವ ಮುಂಚೆಯೇ ಕೋಡಿಗೆ ಹೋಗಿ ಮೀನು ತರುತ್ತಾನೆ, ಕೂತು ಉಂಡದ್ದು ನಾನು ಕಂಡಿಲ್ಲ. ಅದಕ್ಕೇ ನಿನಗೆ ಮೊಣಕಾಲು ನೋವೆಂದು ಸುಳ್ಳು ಹೇಳಿದೆ.

ಬಾಣಂತನಕ್ಕೆ ಬೇರೆ ಯಾರನ್ನಾದರೂ ನೋಡಿಕೋ ಎಂದು ಬರೆಯಲು ಕೂತವಳು ನಾನು. ಬರೆಯಲು ಕೈ ಬರುತ್ತಿಲ್ಲ. ನೀನೇ ಅರ್ಥಮಾಡಿಕೋ.

ನಿನ್ನ ಅಮ್ಮ,
ಜಲಜ

ತಾ.ಕ.: ಕಾಗದ ಮೇಜಿನ ಮೇಲಿತ್ತು, ಸುಜನ್ ಓದಿದ. ಕಣ್ಣು ಒರೆಸಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬಂದು, ಇದನ್ನು ವಿಡಿಯೋದಲ್ಲಿ ನೀನೇ ಓದಮ್ಮ, ಹೀಗೆ ಯಾವ ಹೋಟೆಲಿನವರೂ ಮಾಡಿಲ್ಲ ಎಂದ. ಕಿತ್ತುಕೊಂಡು ಅಂಚೆ ಕಚೇರಿಗೆ ಬಂದಿದ್ದೇನೆ. ಹನ್ನೆರಡಕ್ಕೆ ಒಂದು ಬಸ್ಸು ಜನ ಊಟಕ್ಕೆ ಬರುವವರಿದ್ದಾರಂತೆ. ಹೋಟೆಲಿಗೆ ಹೊರಡುತ್ತೇನೆ.