ಹನ್ನೊಂದು ಖಾಲಿ ಸಿ.ಡಿ.

ಅಪ್ಪಾ,

ನೀವಿಲ್ಲದ ಮೇಲೆ ಈ ಕಾಗದ ನಿಮ್ಮ ಡ್ರಾಯರ್ ದಾಟುವುದಿಲ್ಲ, ಗೊತ್ತು.

ಅತ್ತೆಗೆಂದು ನೀವು ಒದ್ದಾಡುತ್ತಿದ್ದಿರಲ್ಲ, ಅಮ್ಮನ ಹಾಡುಗಳ ಸಿ.ಡಿ., ಅದನ್ನು ಮಾಡಲು ಇವತ್ತು ಕುಳಿತೆ. ಕಂಪ್ಯೂಟರ್ ಜೊತೆಗೇ ಬಂದ ಅದೇ ಸಾಫ್ಟ್‌ವೇರ್. ‘ಮುಗಿಯಿತು’ ಎಂದಿತು; ಸಿ.ಡಿ. ಮಾತ್ರ ಖಾಲಿ, ನಿಮಗಾಗುತ್ತಿದ್ದ ಹಾಗೆಯೇ. ಹುಡುಕಿದರೆ ಸೆಟ್ಟಿಂಗ್‌ನಲ್ಲಿ ‘ಬರೀ ಪರೀಕ್ಷೆ, ಸಿ.ಡಿ.ಗೆ ಬರೆಯಬೇಡ’ ಎಂಬಲ್ಲಿ ಟಿಕ್ ಇತ್ತು. ಸಿ.ಡಿ. ದಂಡವಾಗದಿರಲೆಂದು ಮೊದಲ ದಿನ ಅದನ್ನು ಹಾಕಿ ಮರೆತವನು ನಾನೇ. ‘ನೀವು ಮುಟ್ಟಿದ್ದೆಲ್ಲ ಹಾಳು’ ಎಂದು ರೇಗಿದವನೂ ನಾನೇ.

ಟಿಕ್ ತೆಗೆದೆ. ನೀವು ಎತ್ತಿಟ್ಟಿದ್ದ ಹನ್ನೊಂದು ಖಾಲಿ ಸಿ.ಡಿ.ಗಳಲ್ಲಿ ಒಂದನ್ನು ಹಾಕಿದೆ. ಮೇಲೆ ನಿಮ್ಮ ಅಕ್ಷರ: ‘ಹಾಳಾಗಿದೆ. ನನ್ನ ತಪ್ಪು.’ ಅದರಲ್ಲೇ ಅಮ್ಮ ಹಾಡಿದಳು.

ಅತ್ತೆಗೆ ಫೋನಿನಲ್ಲಿ ಕೇಳಿಸಿದೆ. ಅತ್ತು ಮುಗಿಸಿ, “ನೀನಾದ್ರೂ ಮಾಡ್ದೆ ಬಿಡು. ಪಾಪ, ನಮ್ಮಣ್ಣಂಗೆ ಕೊನೇವರೆಗೂ ಬರ್ಲೇ ಇಲ್ಲ” ಅಂದರು.

ನಾನು “ಹೂಂ ಅತ್ತೆ” ಅಂದೆ.